ಪೊಳ್ಳಿಲೂರು: ಆ ದಿನ ಮನ್ರೋ ಹೊರಟಿದ್ದರೆ?

ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮ ಗೋಡೆ ನೋಡಿದ್ದೀರಲ್ವಾ? ಕೆಂಪು ಕೋಟಿನ ಸೈನಿಕರು ಚೌಕಾಕಾರವಾಗಿ ನಿಂತಿದ್ದಾರೆ, ನಡುವೆ ಗಾಯಗೊಂಡ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಇದು 1780ರ ಸೆಪ್ಟೆಂಬರ್ 10ರಂದು ಹೈದರ್ ಅಲಿ, ಟಿಪ್ಪು ಸೇರಿ ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಬೇಯ್ಲಿಯ ಪಡೆಯನ್ನು ಸೋಲಿಸಿದ ಪೊಳ್ಳಿಲೂರು ಕಾಳಗದ ಚಿತ್ರ. ಅದರ ಮುಂದೆ ನಿಂತಾಗಲೆಲ್ಲ ನನಗೆ ನೆನಪಾಗುವುದು ಮಾತ್ರ ಕಂಚಿಯಲ್ಲಿ ಕೂತಿದ್ದ ಕಂಪನಿಯ ಸೇನಾಪತಿ ಹೆಕ್ಟರ್ ಮನ್ರೋ.

ಮನ್ರೋ ಸಾಮಾನ್ಯ ಆಳಲ್ಲ, 1764ರಲ್ಲಿ ಬಿಹಾರದ ಬಕ್ಸರ್ ಕಾಳಗ ಗೆದ್ದವನು. ಗುಂಟೂರಿನಿಂದ ಬರುತ್ತಿದ್ದ ಬೇಯ್ಲಿ ಅವನನ್ನು ಕೂಡಿಕೊಳ್ಳಬೇಕಿತ್ತು. ಕೊರ್ತಲೈಯಾರ್ ಹೊಳೆ ತುಂಬಿ ಬೇಯ್ಲಿ ದಿನಗಟ್ಟಲೆ ಆಚೆ ದಡದಲ್ಲೇ ಉಳಿದ. ದಾಟಿ ಬಂದ ಮೇಲೆ ಸೆಪ್ಟೆಂಬರ್ 6ರಂದು ಟಿಪ್ಪು ಅವನ ಮೇಲೆ ಬಿದ್ದ. ಆಗ ಬೇಯ್ಲಿಗೂ ಮನ್ರೋಗೂ ನಡುವೆ ಇದ್ದದ್ದು ಸುಮಾರು 14 ಮೈಲಿ ಅಷ್ಟೇ. ಆದರೂ ಮನ್ರೋ ಕದಲಲಿಲ್ಲ, ಯಾಕೆಂದರೆ ಅವನ ದವಸ, ದೊಡ್ಡ ಫಿರಂಗಿ ಎಲ್ಲ ಕಂಚಿಯಲ್ಲೇ ಇದ್ದವು. ಫ್ಲೆಚರ್ ಎಂಬ ಅಧಿಕಾರಿಯ ಜೊತೆ ಸುಮಾರು ಸಾವಿರ ಜನರನ್ನು ಮಾತ್ರ ಬೇಯ್ಲಿಯ ನೆರವಿಗೆ ಕಳಿಸಿದ.

9ರ ರಾತ್ರಿ ಹೊರಟ ಬೇಯ್ಲಿಯೂ ದಾರಿಯಲ್ಲಿ ಬೆಳಕಾಗಲಿ ಅಂತ ನಿಂತ. ನನ್ನ ಪ್ರಕಾರ ಕಾಳಗ ಸೋತದ್ದು ಆ ಕತ್ತಲಲ್ಲೇ. ನಡೆಯುತ್ತಲೇ ಇದ್ದಿದ್ದರೆ, ಅಥವಾ ಮನ್ರೋ ಎರಡು ದಿನ ಮೊದಲೇ ಎದುರು ಬಂದಿದ್ದರೆ, ಹೈದರ್ ಒಂದು ತುಂಡನ್ನು ಸುತ್ತುವರಿಯುವ ಬದಲು ಕೂಡಿದ ಸೈನ್ಯದ ಜೊತೆ ಬಯಲಲ್ಲಿ ಕಾದಾಡಬೇಕಾಗುತ್ತಿತ್ತು. ಮೈಸೂರಿನ ರಾಕೆಟ್ ಗೆದ್ದಿತು ಅಂತ ಸುಮ್ನೆ ಹೇಳಿಬಿಟ್ಟರೆ ಇದೆಲ್ಲ ಮರೆತುಹೋಗುತ್ತದೆ. ಬೆಳಿಗ್ಗೆ ತೋಪಿನ ಸದ್ದು ಕೇಳಿ ಮನ್ರೋ ಹೊರಟ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾವ ಫಿರಂಗಿಗಳಿಗಾಗಿ ಕಂಚಿ ಬಿಡಲಿಲ್ಲವೋ ಅವನ್ನೇ ಅಲ್ಲಿನ ಕೆರೆಗೆ ತಳ್ಳಿ ಮದ್ರಾಸಿನ ಕಡೆಗೆ ಹಿಂದೆ ಸರಿದ.

ಇನ್ನೊಂದು 'ಆಗಿದ್ದರೆ' ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಹೈದರ್ ಪೂರ್ತಿ ಬಲದಿಂದ ಬೆನ್ನಟ್ಟಿದ್ದರೆ? 1769ರಲ್ಲಿ ಮದ್ರಾಸಿನ ಬಾಗಿಲಿಗೇ ಹೋಗಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡವನು ಅವನು. ಈ ಸಲ ಆರ್ಕಾಟಿಗೆ ತಿರುಗಿದ. ಹಡಗಿನಿಂದ ನೆರವು ಪಡೆಯುವ ಕೋಟೆಗೆ ತಲೆ ಚಚ್ಚಿಕೊಳ್ಳುವುದು ಬೇಡ ಅನ್ನಿಸಿರಬಹುದು, ಅದು ದಡ್ಡತನವಲ್ಲ. ನವೆಂಬರ್‌ನಲ್ಲಿ ಆರ್ಕಾಟ್ ಸಿಕ್ಕಿತು. ಅದೇ ತಿಂಗಳು ಬಂಗಾಳದಿಂದ ಕಂಪನಿಯ ಸೇನಾಪತಿ ಐರ್ ಕೂಟ್ ಸಮುದ್ರದ ದಾರಿಯಲ್ಲಿ ಮದ್ರಾಸಿಗೆ ಬಂದಿಳಿದ. 1781ರ ಜುಲೈ 1ರಂದು ಪೋರ್ಟೊ ನೋವೊದಲ್ಲಿ (ಈಗಿನ ತಮಿಳುನಾಡಿನ ಪರಂಗಿಪೇಟೆ) ಹೈದರ್ ಸೋತದ್ದು ಅವನ ಕೈಲೇ.