ಉದ್ಯಾನ ರಸ್ತೆಗಿಂತ ತಗ್ಗಿನಲ್ಲಿರಲಿ

ವೇಗವಾಗಿ ಬೆಳೆಯುತ್ತಿರುವ ನಗರವೊಂದರ ಉದ್ಯಾನ ಅಭಿವೃದ್ಧಿಯ ಅಂದಾಜು ಪಟ್ಟಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಎರಡು ಅಂಕಿಗಳನ್ನು: ಉದ್ಯಾನದ ನೆಲದ ಮಟ್ಟ ಮತ್ತು ಅದರ ಸುತ್ತಲಿನ ರಸ್ತೆಯ ಮಟ್ಟ. ಕಾರಂಜಿ, ಮಹಾದ್ವಾರ, ಅಲಂಕಾರಿಕ ದೀಪಗಳು, ವ್ಯಾಯಾಮದ ಸಲಕರಣೆಗಳಿಗೆ ಪುಟಗಟ್ಟಲೆ ವಿವರವಿರುತ್ತದೆ; ಈ ಎರಡು ಅಂಕಿಗಳು ಬಹುಪಾಲು ಇರುವುದೇ ಇಲ್ಲ. ಆ ಬಡಾವಣೆಯಲ್ಲಿ ಮಳೆಗಾಲ ಹೇಗೆ ಕಳೆಯುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಮಾತ್ರ ಅವೇ.

ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ಅದು ಒಂದು ಲೀಟರ್ ನೀರು. 50 ಮಿ.ಮೀ. ಮಳೆ ಬಿದ್ದರೆ ಒಂದು ಎಕರೆಗೆ ಸುಮಾರು ಎರಡು ಲಕ್ಷ ಲೀಟರ್. ಹೊಲವಾಗಿದ್ದ ನೆಲದಲ್ಲಿ ಮನೆ, ರಸ್ತೆ, ವಾಹನ ನಿಲುಗಡೆಯ ಅಂಗಳಗಳು ಎದ್ದಾಗ ಇದರಲ್ಲಿ ಇಂಗುತ್ತಿದ್ದ ಪಾಲೂ ಚರಂಡಿಯತ್ತ ಹರಿಯತೊಡಗುತ್ತದೆ, ಅದೂ ಮೊದಲಿಗಿಂತ ಬಹಳ ಬೇಗನೆ. ಆದರೆ ಚರಂಡಿಯ ಅಗಲವನ್ನು ಹಳೆಯ ಊರಿನ ಹರಿವಿಗೆ ತಕ್ಕಂತೆ ನಿಗದಿ ಮಾಡಲಾಗಿರುತ್ತದೆ, ಎರಡೂ ಬದಿಗೆ ಕಟ್ಟಡಗಳು ಬಂದ ಮೇಲೆ ಅದನ್ನು ಹಿಗ್ಗಿಸಲು ಜಾಗ ಉಳಿದಿರುವುದಿಲ್ಲ. ಹರಿವನ್ನು ಕೆಲವು ಗಂಟೆ ತಡೆದಿಡಬಲ್ಲ ಸಾರ್ವಜನಿಕ ತೆರವು ಜಾಗವೆಂದರೆ ಬಹಳ ಕಡೆ ಉದ್ಯಾನವೊಂದೇ.

ಹೀಗಿದ್ದೂ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಉದ್ಯಾನದಲ್ಲಿ ನೀರು ನಿಲ್ಲುತ್ತದೆಂಬ ದೂರು ಬಂದೊಡನೆ ಕಟ್ಟಡದ ಅವಶೇಷಗಳನ್ನು ತುಂಬಿ ನೆಲವನ್ನು ಏರಿಸಿ, ರೋಲರ್ ಹಾಯಿಸಿ, ಮೇಲೆ ನಾಲ್ಕು ಬೆರಳು ಕೆಂಪು ಮಣ್ಣು ಹರಡಿ ಹುಲ್ಲು ಹಾಸುತ್ತೇವೆ. ಉದ್ಘಾಟನೆಯ ದಿನ ಅದು ಹಸಿರಾಗಿ ಕಾಣುತ್ತದೆ, ಅಷ್ಟೇ. ಒತ್ತಿ ಗಟ್ಟಿಮಾಡಿದ ಮಣ್ಣಿನಲ್ಲಿ ನೀರಿಗೂ ಗಾಳಿಗೂ ಜಾಗವಿರುವುದಿಲ್ಲ. ಮರಳುಮಿಶ್ರಿತ ಗೋಡುಮಣ್ಣು ಗಂಟೆಗೆ 20ರಿಂದ 30 ಮಿ.ಮೀ. ನೀರನ್ನು ಹೀರಬಲ್ಲದು, ಜೇಡಿಮಣ್ಣು 1ರಿಂದ 5 ಮಿ.ಮೀ. ಮಾತ್ರ, ರೋಲರ್ ಹಾಯ್ದ ಮೇಲೆ ಒಳ್ಳೆಯ ಮಣ್ಣೂ ಜೇಡಿಯ ಮಟ್ಟಕ್ಕೆ ಇಳಿಯಬಹುದು. ಮರಗಳ ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿಯೊಳಗೇ ಹರಡಿರುವುದರಿಂದ, ಹಳೆಯ ಮರದ ಬುಡಕ್ಕೆ ಒಂದಡಿ ಮಣ್ಣು ಏರಿಸಿದರೂ ಅವು ಉಸಿರುಗಟ್ಟುತ್ತವೆ. ಮರ ಸಾಯುವುದು ಎರಡು ಮೂರು ವರ್ಷಗಳ ನಂತರ. ಅಷ್ಟರಲ್ಲಿ ಬಿಲ್ಲು ಪಾವತಿಯಾಗಿ ಕಡತ ಮುಚ್ಚಿರುತ್ತದೆ.

ರಸ್ತೆಗಿಂತ ತಗ್ಗಿನಲ್ಲಿದ್ದು ಮಳೆನೀರನ್ನು ತಡೆದಿಡುವ ಉದ್ಯಾನ ಹೊಸ ಪ್ರಯೋಗವೇನಲ್ಲ. 2011ರ ಜುಲೈ 2ರಂದು ಕೆಲವೇ ಗಂಟೆಗಳ ಭಾರಿ ಮಳೆಗೆ ಮುಳುಗಿದ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವು ಮರುವರ್ಷವೇ ಮೇಘಸ್ಫೋಟ ನಿರ್ವಹಣಾ ಯೋಜನೆಯನ್ನು ರೂಪಿಸಿತು; ಮುಂದೆ ಅಲ್ಲಿನ ಎಂಗ್‌ಹೇವ್ ಉದ್ಯಾನದ ಆಟದ ಅಂಕಣವನ್ನು ತಗ್ಗಿಸಿ, ಇಳಿಜಾರಿನ ಬದಿಗೆ ಗೋಡೆಯಂಥ ಬದು ಕಟ್ಟಿ, ಎರಡು ಕೋಟಿ ಲೀಟರಿಗೂ ಹೆಚ್ಚು ಮಳೆನೀರು ನಿಲ್ಲುವಂತೆ ಮಾಡಲಾಯಿತು. ಮಳೆಯಿಲ್ಲದ ದಿನ ಅಲ್ಲಿ ಮಕ್ಕಳು ಆಡುತ್ತಾರೆ. ಸಿಂಗಪುರದ ಬಿಶಾನ್ ಉದ್ಯಾನದ ಅಂಚಿನಲ್ಲಿ 2.7 ಕಿ.ಮೀ. ಉದ್ದದ ಕಾಂಕ್ರೀಟ್ ಕಾಲುವೆಯಿತ್ತು. ಅದನ್ನು ಒಡೆದು, ಬಳುಕಿ ಹರಿಯುವ ಹೊಳೆಯನ್ನಾಗಿಸಿ ಉದ್ಯಾನದೊಳಕ್ಕೆ ಬಿಟ್ಟರು. 2012ರಲ್ಲಿ ತೆರೆದ ಈ ಜಾಗದಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳೂ ಜನರನ್ನು ಎಚ್ಚರಿಸುವ ಸೈರನ್‌ಗಳೂ ಇವೆ. ನನ್ನ ದೃಷ್ಟಿಯಲ್ಲಿ ಹೊಳೆಯ ಬಳುಕಿಗಿಂತ ಆ ಸೈರನ್ ಮುಖ್ಯವಾದದ್ದು, ಏಕೆಂದರೆ ನೀರನ್ನು ಒಳಗೆ ಕರೆದವರು ಅದು ಬರುವ ವೇಗಕ್ಕೂ ಹೊಣೆಯಾಗಬೇಕು.

ಎಲ್ಲ ಉದ್ಯಾನಕ್ಕೂ ಇದು ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು. ಒಳಚರಂಡಿಯ ಕೊಳಚೆ ಮಳೆನೀರಿನ ಚರಂಡಿಗೆ ಸೇರುತ್ತಿರುವ ಕಡೆ ಮೊದಲು ಆ ಸೋರಿಕೆಯನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಮಕ್ಕಳ ಆಟದ ಜಾಗಕ್ಕೆ ರೋಗವನ್ನು ಹರಿಸಿದಂತಾಗುತ್ತದೆ. ಅಂತರ್ಜಲ ನೆಲಮಟ್ಟಕ್ಕೆ ಹತ್ತಿರವಿರುವಲ್ಲಿ ಅಥವಾ ಕೆಳಗೆ ಬಂಡೆಯಿರುವಲ್ಲಿ ಇಂಗಿಸುವ ಆಸೆ ಬಿಟ್ಟು, ತಡೆದು ನಿಧಾನವಾಗಿ ಹೊರಬಿಡುವ ಕೊಳವೆಯನ್ನು ಯೋಜಿಸಬೇಕು. ನಿಂತ ನೀರು ಎರಡು ಮೂರು ದಿನಗಳಲ್ಲಿ ಖಾಲಿಯಾಗಬೇಕು. ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ ಸುಮಾರು ಒಂದು ವಾರವಾದರೂ ಬೇಕಾದ್ದರಿಂದ ಈ ಅವಧಿಯಲ್ಲಿ ಅಪಾಯವಿಲ್ಲ. ವಿದ್ಯುತ್ ಫಲಕಗಳು, ಶೌಚಾಲಯ, ಚಿಕ್ಕ ಮಕ್ಕಳ ಜಾರುಬಂಡಿಗಳು ಎತ್ತರದ ಬದಿಯಲ್ಲಿರಲಿ.

ರಸ್ತೆಯ ನೀರು ಒಳಬರುವಲ್ಲಿ ಹೂಳು ತಡೆಯುವ ಗುಂಡಿಯೊಂದು ಅಗತ್ಯ. ಇಂಥ ಗುಂಡಿಯನ್ನು ಕಟ್ಟುವುದಕ್ಕೆ ಹಣ ಸಿಗುತ್ತದೆ, ತೋಡಿ ತೆಗೆಯುವುದಕ್ಕೆ ಸಿಗುವುದಿಲ್ಲ; ಒಂದೇ ಮಳೆಗಾಲದಲ್ಲಿ ಅದು ತುಂಬಿ, ಯೋಜನೆಯೇ ತಪ್ಪೆಂಬ ತೀರ್ಮಾನಕ್ಕೆ ಜನ ಬರುತ್ತಾರೆ. ಆದ್ದರಿಂದ ಹೂಳೆತ್ತುವ ಕೆಲಸವನ್ನು ಮೂಲ ಟೆಂಡರಿನಲ್ಲೇ ಕನಿಷ್ಠ ಮೂರು ವರ್ಷಗಳಿಗೆ ಸೇರಿಸುವಂತೆ ನಾನು ಕೇಳುತ್ತೇನೆ. ಜೊತೆಗೆ, ನೆಲ ಸಿದ್ಧವಾದ ಮೇಲೆ ಹುಲ್ಲು ಹಾಸುವ ಮುನ್ನ ಒಂದಡಿ ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿಸಿ ಮಣ್ಣನ್ನು ನೆನೆಸಿ, ಎರಡನೆಯ ಸಲ ತುಂಬಿಸಿದ ನೀರು ಗಂಟೆಗೆ ಎಷ್ಟು ಇಳಿಯಿತೆಂದು ಗುತ್ತಿಗೆದಾರನ ಎದುರಿನಲ್ಲೇ ಅಳೆದು ಬರೆದಿಡಬೇಕು. ನೆಲ ಹೀರದಿದ್ದರೆ ಮಣ್ಣನ್ನು ಮತ್ತೆ ಸಡಿಲಿಸಿಯೇ ಮುಂದಿನ ಕೆಲಸ, ಮತ್ತು ಕೊನೆಯ ಕಂತಿನ ಹಣ ಒಂದು ಮಳೆಗಾಲ ಕಳೆದ ಮೇಲೆ.