ಎಸ್ಪೆರಾಂಟೊದಲ್ಲಿ ಅಮ್ಮನಿಗೆ ಸ್ವಂತ ಪದ ಏಕಿಲ್ಲ?

ಬೇರೆಬೇರೆ ನಾಡಿನವರು ಸುಲಭವಾಗಿ ಕಲಿತು ಮಾತಾಡಲೆಂದು ಬುದ್ಧಿಪೂರ್ವಕವಾಗಿ ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ತಂದೆ ‘ಪಾತ್ರೊ’, ತಾಯಿ ‘ಪಾತ್ರೀನೊ’. ಎರಡನೆಯದನ್ನು ಬಿಡಿಸಿದರೆ ಮೂರು ತುಂಡು: ಲ್ಯಾಟಿನ್ನಿನ ‘ಪಾತೆರ್’ನಿಂದ ಬಂದ ‘ಪಾತ್ರ್’, ಹೆಣ್ಣೆಂದು ಸೂಚಿಸುವ ‘ಈನ್’, ನಾಮಪದದ ಗುರುತಾದ ‘ಒ’. ಅಂದರೆ ತಾಯಿ ಎಂದರೆ ಹೆಣ್ಣು ತಂದೆ! ಈ ಪದ ಎತ್ತಿದ ವಾದಕ್ಕೆ ಈಗ ಸರ್ವನಾಮದ ತಕರಾರೂ ಸೇರಿ ಸಿಕ್ಕು ಬಿಗಿದಿದೆ.

ಲ್ಯಾಟಿನ್ನಿನಲ್ಲಿ ತಾಯಿಗೆ ‘ಮಾತೆರ್’ ಎಂಬ ಪದ ಇದ್ದೇ ಇತ್ತು. ಪಾತೆರ್–ಮಾತೆರ್ ಜೋಡಿ ನಮಗೆ ಸಂಸ್ಕೃತದಿಂದ ಬಂದ ಪಿತೃ–ಮಾತೃಗಳ ದಾಯಾದಿ. ಆದರೆ 1887ರಲ್ಲಿ ಈ ಭಾಷೆಯನ್ನು ಕಟ್ಟಿದ ವಾರ್ಸಾದ ವೈದ್ಯ ಜಾಮೆನ್‌ಹಾಫ್ ಮಾವ ಕೊಟ್ಟ ಹಣದಿಂದ ಅಚ್ಚು ಹಾಕಿಸಿದ ಪುಟ್ಟ ಪುಸ್ತಕದಲ್ಲಿದ್ದದ್ದು ಸುಮಾರು 900 ಧಾತುಗಳಷ್ಟೆ. ಕಲಿಯುವವನ ನೆನಪಿನ ಹೊರೆ ಇಳಿಸುವುದೇ ಗುರಿ. ಸಹೋದರ ‘ಫ್ರಾತೊ’, ಸಹೋದರಿ ‘ಫ್ರಾತೀನೊ’; ಮಗ ‘ಫೀಲೊ’, ಮಗಳು ‘ಫಿಲೀನೊ’. ಒಂದು ಪ್ರತ್ಯಯ ಕಲಿತರೆ ಅರ್ಧ ಬಂಧುಬಳಗ ಕೈಗೆ ಬರುತ್ತದೆ. ಪ್ರತ್ಯಯವೂ ಯುರೋಪಿಗೆ ಹೊಸದಲ್ಲ. ಲ್ಯಾಟಿನ್ನಿನಲ್ಲಿ ಹುಂಜ ‘ಗಾಲ್ಲುಸ್’, ಹೇಂಟೆ ‘ಗಾಲ್ಲೀನಾ’. ಜರ್ಮನ್ನಿನಲ್ಲಿ ರಾಜ ‘ಕ್ಯೋನಿಗ್’, ರಾಣಿ ‘ಕ್ಯೋನಿಗಿನ್’. ಕನ್ನಡದಲ್ಲೂ ಅರಸ–ಅರಸಿ, ಗೆಳೆಯ–ಗೆಳತಿ ಇದ್ದಾರೆ. ಆದರೆ ಅಪ್ಪನಿಗೆ ಪ್ರತ್ಯಯ ಹಚ್ಚಿ ಅಮ್ಮನನ್ನು ಮಾಡುವ ಪದ್ಧತಿ ಈ ಮೂರರಲ್ಲಿ ಯಾವುದಕ್ಕೂ ಇಲ್ಲ. ಉಳಿತಾಯ ದೊಡ್ಡದು, ನಿಜ. ಅದರ ಬೆಲೆ ಮಾತ್ರ ಒಂದೇ ಕಡೆಯವರ ಮೇಲೆ ಬಿತ್ತು.

1905ರಲ್ಲಿ ಫ್ರಾನ್ಸಿನ ಬುಲೋನ್‌ನಲ್ಲಿ ಸೇರಿದ ಎಸ್ಪೆರಾಂಟೊ ಸಮ್ಮೇಳನ ಭಾಷೆಯ ಬುನಾದಿಯನ್ನು, ಅಂದರೆ ಮೂಲ ವ್ಯಾಕರಣ ಮತ್ತು ಪದಕೋಶವನ್ನು, ಯಾರೂ ತಿದ್ದಬಾರದೆಂದು ನಿಗದಿ ಮಾಡಿತು. ತಿದ್ದುಪಡಿ ಬಯಸಿದವರು ಎಸ್ಪೆರಾಂಟೊದಿಂದಲೇ ಕವಲೊಡೆಸಿದ ಇಡೊ ಭಾಷೆಯಲ್ಲಿ ತಾಯಿಗೆ ‘ಮಾತ್ರೊ’ ಎಂಬ ಬೇರೆ ಪದವಿದೆ. ಎಸ್ಪೆರಾಂಟೊದಲ್ಲಿ ಮಾತ್ರ ಮುಂದಿನ ದಶಕಗಳಲ್ಲಿ ಶಿಕ್ಷಕ, ವೈದ್ಯ ಮುಂತಾದ ವೃತ್ತಿಪದಗಳು ಗಂಡಸಿನ ಅರ್ಥ ಕಳಚಿಕೊಂಡು ಎಲ್ಲರಿಗೂ ಸಲ್ಲತೊಡಗಿದವು. ಬಂಧುವಾಚಕಗಳು ಇದ್ದಲ್ಲೇ ಉಳಿದವು.

ಆಮೇಲೆ ಗಂಡಿಗೂ ‘ಈಚ್’ ಎಂಬ ಪ್ರತ್ಯಯ ಇರಲಿ ಎಂಬ ಸಲಹೆ ಬಂತು. ಆಗ ತಂದೆ ‘ಪಾತ್ರೀಚೊ’, ತಾಯಿ ‘ಪಾತ್ರೀನೊ’. ನ್ಯಾಯವಾದದ್ದೇ, ಆದರೆ ‘ಪಾತ್ರೊ’ ಎಂದರೆ ಇಬ್ಬರಲ್ಲಿ ಯಾರೋ ಒಬ್ಬರು ಎಂದಾಗಿ, ಹಳೆಯ ಪುಸ್ತಕಗಳ ಅಪ್ಪಂದಿರೆಲ್ಲ ಅಸ್ಪಷ್ಟವಾಗುತ್ತಾರೆ. ಅವನು ‘ಲಿ’, ಅವಳು ‘ಶಿ’; ಇವೆರಡರ ಜೊತೆಗೆ ಲಿಂಗಭೇದವಿಲ್ಲದ ‘ರಿ’ ಬೇಕೆನ್ನುವವರ ದನಿಯೂ ಇದಕ್ಕೆ ಸೇರಿತು. ಬುನಾದಿ ಅಲುಗಬಾರದು ಎನ್ನುವವರ ಭಯವೂ ಹುಸಿಯಲ್ಲ. ಈ ಭಾಷೆಯನ್ನು ಹಿಡಿದಿಟ್ಟಿರುವುದು ಒಂದು ಒಪ್ಪಂದ ಮಾತ್ರ.

ಎಸ್ಪೆರಾಂಟೊ ಆಡುವ ಮನೆಗಳಲ್ಲಿ ಮಗು ಅಪ್ಪನನ್ನು ಮುದ್ದಿನಿಂದ ‘ಪಾಚ್ಯೊ’ ಎಂದೂ ಅಮ್ಮನನ್ನು ‘ಪಾನ್ಯೊ’ ಎಂದೂ ಕರೆಯುತ್ತದೆ. ಅಮ್ಮನ ಮುದ್ದಿನ ಹೆಸರೂ ‘ಪಾ’ ಎಂದೇ ಶುರುವಾಗುತ್ತದೆ. ಆದರೆ ಅದೇ ಭಾಷೆಯಲ್ಲಿ ಇಬ್ಬರನ್ನೂ ಕೂಡಿಸುವ ‘ಗೆ’ ಎಂಬ ಪೂರ್ವಪ್ರತ್ಯಯವೂ ಇದೆ. ನಾವು ತಾಯ್ನುಡಿ ಎನ್ನುವುದಕ್ಕೆ ಅಲ್ಲಿ ಬಳಸುವ ಒಂದು ಮಾತು ‘ಗೆಪಾತ್ರಾ ಲಿಂಗ್ವೊ’: ತಂದೆತಾಯಿಯರಿಬ್ಬರ ನುಡಿ.