ಪಿಎಚ್‌ಸಿ ಕಂಪ್ಯೂಟರಿನಲ್ಲಿ ರಿಜಿಸ್ಟರಿನ ನೆರಳು

ಉಡುಪಿ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಿಪಿ ಇರುವ ಗರ್ಭಿಣಿಯೊಬ್ಬರು ಬಂದರೆ ವಿವರ ತಾಯಿ-ಮಕ್ಕಳ ಆರೋಗ್ಯದ ಆರ್‌ಸಿಎಚ್ ಪೋರ್ಟಲ್‌ಗೂ ಹೋಗಬೇಕು, ತಾಯಿ ಕಾರ್ಡಿಗೂ ಏರಬೇಕು. ಒಂದೇ ವಿವರವನ್ನು ಮತ್ತೆ ಮತ್ತೆ ತುಂಬುವುದಕ್ಕೆ ಸಿಬ್ಬಂದಿಯನ್ನು ದೂರಿ ಫಲವಿಲ್ಲ. ಈ ತಂತ್ರಾಂಶಗಳು ಹುಟ್ಟಿದ್ದೇ ಮೇಲಿನ ಕಚೇರಿಗೆ ವರದಿ ಕೊಡಲು.

2008ರ ಎಚ್‌ಎಂಐಎಸ್ ಎಂಬ ಆರೋಗ್ಯ ಮಾಹಿತಿ ವ್ಯವಸ್ಥೆಗೆ ಬೇಕಿದ್ದದ್ದು ತಿಂಗಳ ಲೆಕ್ಕ. 2009ರ ಎಂಸಿಟಿಎಸ್ ತಾಯಿ-ಮಗುವನ್ನು ಹೆಸರು ಹಿಡಿದು ದಾಖಲಿಸತೊಡಗಿತು. 2012ರಲ್ಲಿ ಕ್ಷಯಕ್ಕೆ ನಿಕ್ಷಯ್ ಬಂತು, ಆಮೇಲೆ ಬಿಪಿ, ಸಕ್ಕರೆ ಕಾಯಿಲೆಯಂಥ ಅಂಟದ ರೋಗಗಳಿಗೆ ಎನ್‌ಸಿಡಿ ಆ್ಯಪ್. ಕಾರ್ಯಕ್ರಮಕ್ಕೊಂದು ಲಾಗಿನ್, ರಿಜಿಸ್ಟರಿನ ಕಾಲಮ್ಮಿಗೊಂದು ಖಾನೆ.

ಮಂಗಳೂರಿನ ಮಲೇರಿಯಾ ನಿಯಂತ್ರಣ ಬೇರೆ ದಾರಿ ಹಿಡಿಯಿತು. 2015ರ ಅಕ್ಟೋಬರಿನಿಂದ ಅಲ್ಲಿ ಟ್ಯಾಬ್ ಬಳಕೆ ಶುರುವಾಯಿತು. ಯಾವ ಮನೆಯಲ್ಲಿ ಮಲೇರಿಯಾ ಪತ್ತೆಯಾಯಿತೆಂಬುದು ಸ್ಥಳಸಹಿತ ದಾಖಲಾಗಿ, ಸುತ್ತಲಿನ ತಪಾಸಣೆಗೆ ಅದೇ ಆಧಾರವಾಯಿತು. ತುಂಬಿದ ಮಾಹಿತಿ ತುಂಬಿದವರ ಕೆಲಸಕ್ಕೇ ಒದಗಿತು. ಒಂದೇ ರೋಗ, ಒಂದೇ ಕೆಲಸ ಎಂಬ ಅನುಕೂಲ ಅದಕ್ಕಿತ್ತು ಅನ್ನಿ.

2021ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಆಭಾ ಎಂಬ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆಯ ಮೂಲಕ ಚದುರಿದ ದಾಖಲೆಗಳನ್ನು ಜೋಡಿಸಲು ಹೊರಟಿತು. ಆದರೆ ಆಧಾರ್‌ಗೆ ಕೊಟ್ಟ ಮೊಬೈಲ್ ಮುಂಬೈಯಲ್ಲೋ ಗಲ್ಫಿನಲ್ಲೋ ಇರುವ ಮಗನದಾದರೆ ಒಟಿಪಿ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಮೊದಲು ಆರೋಗ್ಯ ಕೇಂದ್ರವೇ ಕೊಡುವ ನೋಂದಣಿ ಸಂಖ್ಯೆಯಲ್ಲಿ ನೋಂದಣಿ ಮುಗಿಯಬೇಕು. ಆಭಾ ಆಮೇಲೆ ಜೋಡಿಸಿದರೂ ನಡೆದೀತು.

ಹೆಸರು ಹುಡುಕುವುದು ಇನ್ನೊಂದು ತಲೆನೋವು. ಲಲಿತಾ ಇಂಗ್ಲಿಷಿನಲ್ಲಿ ಬರಿಯ ‘ಟಿ’ಯಿಂದಲೂ ಬರುತ್ತಾರೆ, ‘ಟಿ-ಎಚ್’ನಿಂದಲೂ ಬರುತ್ತಾರೆ, ಒಬ್ಬರಿಗೇ ಎರಡು ಕಡತ. ಹೆಸರಿನ ಜೊತೆ ಮನೆ ಹೆಸರು, ಗ್ರಾಮ, ಮೊಬೈಲಿನ ಕೊನೆಯ 4 ಅಂಕಿಯಿಂದಲೂ ಹುಡುಕುವಂತಿರಬೇಕು. ಹುಟ್ಟಿದ ದಿನ ಕಡ್ಡಾಯ ಮಾಡಿದರೆ ಹಿರಿಯರೆಲ್ಲ ಜನವರಿ 1ರಂದೇ ಹುಟ್ಟುತ್ತಾರೆ; ‘ಅಂದಾಜು ವಯಸ್ಸು’ ಎಂಬ ಖಾನೆ ಇರಲಿ.

ಬಿಪಿ ಖಾನೆಯಲ್ಲಿ 120/80 ಮೊದಲೇ ತುಂಬಿರಕೂಡದು, ಅಳೆಯದಿದ್ದರೂ ಅದೇ ಉಳಿದುಬಿಡುತ್ತದೆ. ಮೇಲಿನ ಅಂಕಿ ಕೆಳಗಿನದಕ್ಕಿಂತ ಕಡಿಮೆ ಬಂದರೆ ತಡೆಯಲಿ. 220/130 ಬಂದರೆ ‘ಇನ್ನೊಮ್ಮೆ ನೋಡಿ’ ಎನ್ನಲಿ, ತಿರಸ್ಕರಿಸಬಾರದು. ಔಷಧಿ ಪಟ್ಟಿಯಲ್ಲಿ ‘ಎಂ-ಇ-ಟಿ’ ಒತ್ತಿದರೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಜೊತೆಗೆ ಮೆಟ್ರೊನಿಡಜೋಲ್, ಮೆಟೊಪ್ರೊಲಾಲ್ ಸಾಲಾಗಿ ಬರುತ್ತವೆ. ಅವಸರದಲ್ಲಿ ಬೆರಳು ಜಾರಿದರೆ ಸಕ್ಕರೆ ಕಾಯಿಲೆಗೆ ಬೇರೇನೋ ಹೋದೀತು. ಪ್ರತಿ ಹೆಸರಿನ ಪಕ್ಕ ಮಿಲಿಗ್ರಾಂ, ಯಾವ ಕಾಯಿಲೆಗೆಂಬ ಒಂದು ಪದ ಇರಲಿ; ಕಳೆದ ಬಾರಿ ಕೊಟ್ಟದ್ದು ಎಲ್ಲಕ್ಕಿಂತ ಮೇಲೆ ಬರಲಿ.

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವುದು ಹೊಸತಲ್ಲ. ಪ್ರತಿ ಖಾನೆಯೂ ತುಂಬಿದ ಕೂಡಲೇ ಟ್ಯಾಬಿನಲ್ಲೇ ಉಳಿಯಬೇಕು, ‘ಕಳುಹಿಸಲು ಬಾಕಿ’ ಎಷ್ಟೆಂದು ಕಾಣಬೇಕು. ಒಂದೇ ರೋಗಿಯ ವಿವರವನ್ನು ಎರಡು ಟ್ಯಾಬಿನಲ್ಲಿ ತಿದ್ದಿದ್ದರೆ ಹೊಸದು ಹಳೆಯದನ್ನು ನುಂಗದೆ, ಎರಡೂ ಸಮಯಸಹಿತ ವೈದ್ಯರ ಮುಂದೆ ಬರಲಿ.